ಜೀಪಿನ ಹೊಟ್ಟೆಯೊಳಗಿನ ಹಗ್ಗ

ಜೀಪಿನ ಮೂತಿಗೆ ಸಿಕ್ಕಿಸಿದ ಹ್ಯಾಂಡಲ್ ಅರ್ಧ ಸುತ್ತು ತಿರುಗಿತು. ಮೆತ್ತಗೆ ನಿಂತುಬಿಟ್ಟಿತು.

ಅಪ್ಪಚ್ಚು ಮತ್ತೊಮ್ಮೆ ಒತ್ತಿದ. ಊಹೂಂ! ಹಿಂದಕ್ಕೆ ಬರುತ್ತದೆ, ಮುಂದಕ್ಕೆ ಹೋಗುವುದಿಲ್ಲ.

"ಮೊನ್ನೆ ಸಂಜೆ ಸಲೀಸಾಗಿ ತಿರುಗ್ತಿತ್ತು ಮಾರಾಯ! ನೀನೇ ನೋಡಿದ್ದೀಯಲ್ಲ?"

"ನೋಡಿದ್ದೀನಿ," ಎಂದೆ. ಹಾಗೆ ಹೇಳಿ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ ಎಂದು ಆಗ ತಿಳಿಯಲಿಲ್ಲ.

ಅಂದು ವಿಜಯದಶಮಿಯ ಬೆಳಿಗ್ಗೆ. ನಾವು ನಿಂತಿದ್ದದ್ದು ನಾಗಪುರದ ಮನೀಶ್ ನಗರದಲ್ಲಿರುವ ಅಪ್ಪಚ್ಚುವಿನ ಮನೆಯ ಪೋರ್ಟಿಕೊದಲ್ಲಿ. ಅವನು ಕೊಡಗಿನವನು, ವಾಯುಪಡೆಯಲ್ಲಿ ವಿಮಾನದ ಎಂಜಿನ್ ಬಿಚ್ಚಿ ಜೋಡಿಸಿ ನಿವೃತ್ತನಾದವನು. ನಾನು ಕೃಷ್ಣಪ್ರಸಾದ್, ಮೈಸೂರಿನವನು, ಬ್ಯಾಂಕಿನಲ್ಲಿ ಸವೆದು ಪಕ್ಕದ ಮನೆಯಲ್ಲಿ ನೆಲೆಯೂರಿದವನು. ಈ ಊರಿನಲ್ಲಿ ಕನ್ನಡದಲ್ಲಿ ಜಗಳವಾಡಲು ನನಗಿರುವವನು ಅವನೊಬ್ಬನೇ.

ಎರಡು ತಿಂಗಳಿಂದ ಆ ಪೋರ್ಟಿಕೊ ಗ್ಯಾರೇಜಾಗಿತ್ತು. ಕಾಡು, ಕೆಸರು, ಬೆಟ್ಟ ಎಲ್ಲ ಹತ್ತಿಳಿದ ಹಳೆಯ ಪೆಟ್ರೋಲ್ ಜೀಪು. ಅದರ ಸತ್ತ ಎಂಜಿನ್ನನ್ನು ಚೈನ್ ಪುಲ್ಲಿಯಲ್ಲಿ ಎತ್ತಿ ಹೊರಗಿಟ್ಟ. ಅದೇ ಮಾದರಿಯ ಇನ್ನೊಂದು ಎಂಜಿನ್ನನ್ನು ಹಿಂಗಣಾದ ವರ್ಕ್‌ಶಾಪಿನಲ್ಲಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ತಂದ. ಇಳಿಸುವಾಗ ಸರಪಳಿ ಎಳೆದದ್ದು ಯಾರು? ನಾನೇ! ನನ್ನ ಸೊಂಟ ಇನ್ನೂ ಅದನ್ನು ಮರೆತಿಲ್ಲ.

ಅಪ್ಪಚ್ಚುವಿಗೆ ಒಂದು ಕಟ್ಟುನಿಟ್ಟು. ಹೊಸದಾಗಿ ಕೂಡಿಸಿದ ಎಂಜಿನ್ನನ್ನು ಮೊದಲು ಕೈಯಲ್ಲಿ ತಿರುಗಿಸಿ ನೋಡದೆ ಸ್ಟಾರ್ಟರ್ ಮುಟ್ಟುವವನಲ್ಲ. ಇವತ್ತು ಸ್ಟಾರ್ಟ್ ಮಾಡಿ, ಏಳು ವರ್ಷದ ಮೊಮ್ಮಗಳು ಖುಷಿಯನ್ನು ಮುಂದೆ ಕೂರಿಸಿಕೊಂಡು ರಾಮಟೇಕ್ ಬೆಟ್ಟಕ್ಕೆ ತಾನೇ ಓಡಿಸಿಕೊಂಡು ಹೋಗುವುದೆಂದು ಓಣಿಗೆಲ್ಲ ಸಾರಿದ್ದ.

"ಪ್ರೀತಮ್! ಪ್ಲಗ್ ಬಿಚ್ಚೋ ಪಾನಾ ಕೊಡು. ಎಲ್ಲಿ ಹೋದ ಈ ಹುಡುಗ?"

"ಇಲ್ಲೇ ಇದ್ದೀನಲ್ಲ ಅಪ್ಪಾ," ಎಂದ ಮಗ. ಅವನು ತಂದೆಯ ಎಡಭುಜಕ್ಕೆ ತಾಗುವಷ್ಟು ಹತ್ತಿರವೇ ನಿಂತಿದ್ದ.

ಪ್ಲಗ್ಗುಗಳನ್ನು ಬಿಚ್ಚಿದರು. ಮೂರನೇ ತೂತಿಗೆ ಪ್ರೀತಮ್ ಟಾರ್ಚ್ ಬಿಟ್ಟ. "ಅಪ್ಪಾ, ಒಳಗೆ ಏನೋ ಬೆಳ್ಳಗೆ ಕಾಣ್ತಿದೆ."

ಅಪ್ಪಚ್ಚು ಉದ್ದ ಮೂತಿಯ ಇಕ್ಕಳ ತೂರಿಸಿ ಹಿಡಿದೆಳೆದ. ಹತ್ತಿಯ ಹಗ್ಗ! ಎಳೆದಷ್ಟೂ ಬಂತು. ಗೇಣು, ಮೊಳ, ಮಾರು—ಎಣ್ಣೆಯಲ್ಲಿ ನೆಂದು ಹಾವಿನಂತೆ ಹೊರಬಂದು ನೆಲದ ಮೇಲೆ ಬಿತ್ತು. ಬಿಳಿ ಹಗ್ಗ, ನಡುವೆ ಒಂದು ಕೆಂಪೆಳೆ.

ಅಪ್ಪಚ್ಚು ನಿಧಾನವಾಗಿ ನನ್ನ ಕಡೆ ತಿರುಗಿದ.

"ಇದು ಯಾರ ಹಗ್ಗ ಪ್ರಸಾದ್?"

ನನ್ನದೇ. ಬಟ್ಟೆ ಒಣಹಾಕಲೆಂದು ಸೀತಾಬರ್ಡಿ ಪೇಟೆಯಲ್ಲಿ ಕೊಂಡದ್ದು.

"ನನ್ನದೇ," ಎಂದೆ. "ಆದ್ರೆ ಉಳಿದದ್ದು ಇಲ್ಲೇ ನಿನ್ನ ಪೋರ್ಟಿಕೊದಲ್ಲಿ ಬಿದ್ದಿತ್ತು. ಹಳೇ ಎಂಜಿನ್ ಬಿಚ್ಚುವಾಗ ನೀನೇ ಇಸ್ಕೊಂಡೆಯಲ್ಲ?"

ನಿಜ. ಮುಂದಿನ ದೊಡ್ಡ ನಟ್ಟು ಬಿಚ್ಚುವಾಗ ಎಂಜಿನ್ ತಿರುಗದಿರಲೆಂದು ಸಿಲಿಂಡರಿನೊಳಗೆ ಹಗ್ಗ ತುರುಕುವುದು ಈ ಕೆಲಸದವರ ಹಳೆಯ ಉಪಾಯ. ಅವತ್ತು ಅವನು ಮಾಡಿದ್ದೂ ಅದನ್ನೇ; ನಾವೆಲ್ಲ ಸುತ್ತ ನಿಂತು ನೋಡಿದ್ದೆವು.

"ನಿನ್ನೆ ಮಧ್ಯಾಹ್ನ ನಾನೂ ಪ್ರೀತಮನೂ ಬ್ಯಾಟರಿ ತರೋಕೆ ಹೋಗಿದ್ದೆವು. ಆಗ ಇಲ್ಲಿ ಕೂತಿದ್ದದ್ದು ಯಾರು?"

"ನಾನು. ನಮ್ಮನೇಲಿ ಕರೆಂಟ್ ಇರಲಿಲ್ಲ, ಪೇಪರ್ ಓದ್ತಾ ಕೂತಿದ್ದೆ. ಅದಕ್ಕೇನೀಗ?"

"ಈ ಗಾಡಿ ಸ್ಟಾರ್ಟ್ ಆಗದೇ ಇದ್ರೆ ಓಣಿಗೇ ಪುಣ್ಯ ಅಂದವರು ಯಾರು?"

"ತಮಾಷೆಗೆ ಅಂದೆ ಕಣಯ್ಯಾ!"

"ತಮಾಷೆ," ಎಂದ ಅಪ್ಪಚ್ಚು. "ಪ್ರಸಾದ್, ನೀನು ಇನ್ನು ಈ ಗೇಟು ದಾಟಬೇಡ."

ಇಪ್ಪತ್ತು ವರ್ಷದ ಸ್ನೇಹ! ಆ ಒಂದು ಮಾತಿನಲ್ಲಿ ಮುಗಿಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲಲ್ಲಿ ಅವನ ಹೆಂಡತಿ ಗೌತಮಿ ಖುಷಿಯ ಕೈ ಹಿಡಿದು ಪೆಚ್ಚಾಗಿ ನಿಂತಿದ್ದಳು. ಅವಳೂ ನಮ್ಮ ಮೈಸೂರಿನ ಹುಡುಗಿ, ಅಪ್ಪಚ್ಚುವನ್ನು ಮೆಚ್ಚಿ ಮದುವೆಯಾದವಳು. ಅವಳಾದರೂ ನನ್ನ ಪರ ಒಂದು ಮಾತು ಆಡಬಾರದೆ? ಆಡಲಿಲ್ಲ. ಖುಷಿಯನ್ನು ಒಳಗೆ ಕಳಿಸಿ ನೆಲ ನೋಡುತ್ತ ನಿಂತಳು.

"ಸ್ವಲ್ಪ ತಡೀರಿ," ಎಂಬ ದನಿ ಗೇಟಿನಿಂದ ಬಂತು.

ನನ್ನ ಹೆಂಡತಿ ತುಂಗಾ. ಶಾಲೆಯಲ್ಲಿ ಗಣಿತ ಪಾಠ ಮಾಡುತ್ತ, ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಬೆನ್ನು ನೋಡಿಯೇ ಹಿಡಿಯುವವಳು. ಮನೆಯಲ್ಲಿ ನನ್ನ ಯಾವ ಸುಳ್ಳೂ ಈವರೆಗೆ ದಡ ಸೇರಿಲ್ಲ.

"ಗಂಡನ್ನ ಕರ್ಕೊಂಡು ಹೋಗಿ ತುಂಗಾ," ಎಂದ ಅಪ್ಪಚ್ಚು.

"ಹೋಗ್ತೀನಿ. ಕಳ್ಳ ಅನ್ನಿಸ್ಕೊಂಡು ಮಾತ್ರ ಹೋಗಲ್ಲ. ನಾಲ್ಕು ಪ್ರಶ್ನೆ ಕೇಳ್ತೀನಿ, ಆಮೇಲೆ ನಿಮ್ಮಿಷ್ಟ." ಬಗ್ಗಿ ಹಗ್ಗ ಎತ್ತಿಕೊಂಡಳು, ಹಿಂಡಿದಳು. "ಹ್ಯಾಂಡಲ್ ಟಕ್ ಅಂತ ನಿಂತಿತೋ, ಮೆತ್ತಗೆ ನಿಂತಿತೋ?"

"ಮೆತ್ತಗೆ."

"ಎಂಜಿನ್‌ಗೆ ಏಟು ಬಿತ್ತೇ?"

"ಇಲ್ಲ. ಹತ್ತಿ ಹಗ್ಗ ಏನು ಮಾಡೀತು?"

"ಮೊನ್ನೆ ಸಂಜೆ ತಿರುಗ್ತಿತ್ತು ಅಂದ್ರಿ. ಆಮೇಲೆ?"

"ಆಮೇಲೆ ಪ್ಲಗ್ ಬಿಗಿ ಮಾಡಿದೆ. ನಿನ್ನೆ ಬೆಳಿಗ್ಗೆ ಆಯುಧಪೂಜೆ. ಸಾಮಾನೆಲ್ಲ ಜೀಪಿನ ಮುಂದೆ ಜೋಡಿಸಿ ನಾನೇ ಪೂಜೆ ಮಾಡಿದೆ. ನಮ್ಮ ಮನೇಲಿ ಕೋವಿಗೆ ಇಡ್ತಿದ್ದ ಹಾಗೆ ಗಂಧ, ಅದರ ಮೇಲೊಂದು ಕುಂಕುಮದ ಬೊಟ್ಟು. ಪೂಜೆಗಿಟ್ಟ ಮೇಲೆ ಇವತ್ತಿನ ತನಕ ಯಾರೂ ಮುಟ್ಟೋ ಹಾಗಿಲ್ಲ. ಮುಟ್ಟೂ ಇಲ್ಲ! ಬೆಳಿಗ್ಗೆ ನೋಡಿದೆ, ಒಂದೊಂದರ ಮೇಲೂ ಬೊಟ್ಟು ಹಾಗೇ ಇತ್ತು. ಅಂದ್ರೆ ಪ್ಲಗ್ ಬಿಚ್ಚಿದ್ದು ಬೇರೆ ಪಾನಾದಿಂದ. ನಿಮ್ಮ ಯಜಮಾನರ ಸ್ಕೂಟರಿನ ಪಾನಾ ಇದಕ್ಕೆ ಬರೋಬರ್ ಕೂರುತ್ತೆ."

ಹಾಳು ಸ್ಕೂಟರ್! ಅದೂ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

ಕಾಂಪೌಂಡಿನ ಆಚೆಯಿಂದ ಉಮಾಕಾಂತನ ತಲೆ ಕಾಣಿಸಿತು. ಎದುರು ಮನೆಯ ಒಂಟಿ ಮನುಷ್ಯ, ಜೀಪು ಓಡುತ್ತಿದ್ದಾಗ ಅದರ ಹೊಗೆಯ ಬಗ್ಗೆ ವಾರಕ್ಕೊಮ್ಮೆ ಕೂಗಾಡುತ್ತಿದ್ದವನು. ಇಪ್ಪತ್ತು ವರ್ಷ ನಮ್ಮ ನಡುವೆ ಬದುಕಿ ಒಂದು ತರಹದ ಕನ್ನಡ ಕಲಿತಿದ್ದ.

"ಕಾಯ್ ಝಾಲಂ, ಏನಾಯ್ತು ಭಾವೂ? ಗಾಡಿ ಬಂದ್?" ಎಂದ. ಮುಖದಲ್ಲಿ ನಗು ಅಡಗಿಸಿಕೊಂಡಿದ್ದ ಎಂದು ನನಗೆ ಅನುಮಾನ.

"ಉಮಾಕಾಂತ್‌ಜಿ, ನಿನ್ನೆ ಮಧ್ಯಾಹ್ನ ನೀವು ಎಲ್ಲಿದ್ರಿ?" ತುಂಗಾ ನೇರವಾಗಿ ಕೇಳಿದಳು.

"ನಾನು? ಘರಲ್ಲೇ. ಖಿಡಕಿ ಹತ್ರ. ಯಾಕೆ, ನನ್ನ ಮೇಲೆ ಶಕ್?"

"ಇವರು ಇಲ್ಲಿ ಕೂತಿದ್ದು ನೋಡಿದಿರಾ?"

"ನೋಡಿದೆ. ಪೇಪರ್ ಮುಖದ ಮೇಲೆ ಹಾಕಿ ಘುರ್ ಘುರ್ ಮಾಡ್ತಿದ್ರು. ಲೈಟ್ ಬಂತು, ಎದ್ದು ಹೋದ್ರು. ಜೀಪ್‌ಗೆ ಹಾತ್ ಭೀ ಹಚ್ಚಿಲ್ಲ."

ಹೊಗೆಗೆ ಕೂಗಾಡುವ ಉಮಾಕಾಂತ ನನ್ನ ಮಾನ ಉಳಿಸಿದ. ಆದರೆ ಗೊರಕೆಯ ಸುದ್ದಿ ಬೇಕಿರಲಿಲ್ಲ.

"ಅವರು ಹೋದ ಮೇಲೆ?"

"ಆಮೇಲೆ ನನಗೂ ನಿದ್ದೆ ಬಂತು."

ಅಪ್ಪಚ್ಚು ಒಪ್ಪಲಿಲ್ಲ. "ಮತ್ತೆ ಬಂದಿರಬಹುದಲ್ಲ? ಗೇಟಿನ ಬೀಗದ ಕೈ ಇನ್ನೊಂದು ಇವನ ಹತ್ರ ಇದೆ."

ತುಂಗಾ ಪ್ರೀತಮನ ಕಡೆ ತಿರುಗಿದಳು. "ನಿನಗೆ ಜೀಪಿನ ಮೇಲೆ ಏನು ಸಿಟ್ಟು?"

"ನನಗಾ? ಸಿಟ್ಟೇನಿಲ್ಲ ಆಂಟಿ. ನಾನೇ ಓಡಿಸ್ತೀನಿ ಅಂದೆ, ಅಪ್ಪ ಬಿಡ್ಲಿಲ್ಲ. ಅಷ್ಟೇ."

"ಬೇಜಾರಾಯ್ತಾ?"

"ಆಯ್ತು. ಅದಕ್ಕೆ ಎಂಜಿನ್‌ಗೆ ಹಗ್ಗ ಹಾಕ್ತೀನಾ? ಎರಡು ತಿಂಗಳು ನನ್ನ ಭಾನುವಾರಗಳೆಲ್ಲ ಇದರಲ್ಲೇ ಹೋಯ್ತು!"

"ಸೌಜನ್ಯಾ ಎಲ್ಲಿ?" ಎಂದು ಅವನ ಹೆಂಡತಿಯ ಬಗ್ಗೆ ಕೇಳಿದಳು.

"ಅವಳು ಪುಣೆಯಲ್ಲಿದ್ದಾಳಲ್ಲ, ಆಫೀಸ್ ಟ್ರೇನಿಂಗ್. ನಾಡಿದ್ದು ಬರ್ತಾಳೆ."

"ಗೌತಮೀ, ನೀನು ನಿನ್ನೆ ಮಧ್ಯಾಹ್ನ?"

"ಮಲಗಿದ್ದೆ," ಎಂದಳು ಗೌತಮಿ. ದನಿ ಬಹಳ ಸಣ್ಣದಾಗಿತ್ತು. "ಹಬ್ಬದೂಟ ಭಾರವಾಗಿತ್ತು."

ಯಾರನ್ನು ನಂಬುವುದು? ಉಮಾಕಾಂತ ನಕ್ಕಿದ್ದೇಕೆ? ಪ್ರೀತಮ್ ಅಷ್ಟು ಜೋರಾಗಿ ಹೇಳಿದ್ದೇಕೆ? ನನ್ನ ತಲೆಯಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಜೈಲಿಗೆ ಹೋಗಿ ಬಂದರು. ತುಂಗಾ ಮಾತ್ರ ಕೆಳಗೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಪಾನಾ ಎತ್ತಿ ಉಜ್ಜಿ ನೋಡುತ್ತಿದ್ದಳು. ಬೆಳಗಿನ ಕೆಲಸದಲ್ಲಿ ಬೊಟ್ಟು ಅರ್ಧ ಅಳಿಸಿದ್ದ ಪ್ಲಗ್ ಪಾನಾ ಇಟ್ಟ ಮೇಲೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಹೊಸ ರೇಷ್ಮೆ ಸೀರೆ! ಹಳದಿ ಕಲೆ ಬಿತ್ತಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ಆಮೇಲೆ ಎದ್ದು, ಅಪ್ಪಚ್ಚುವಿನ ಎಡಗಡೆಗೆ ಹೋಗಿ, ಆ ಪಾನಾವನ್ನು ಅವನ ಮುಂದೆ ಚಾಚಿದಳು. "ತಗೊಳ್ಳಿ."

ಅವನು ತೆಗೆದುಕೊಳ್ಳಲಿಲ್ಲ. ಕೈ ಕಟ್ಟಿ ಸುಮ್ಮನೆ ನಿಂತಿದ್ದ. ಸಿಟ್ಟು ಎಂದುಕೊಂಡೆ. ತುಂಗಾ ಬಲಗಡೆಗೆ ಬಂದು ಚಾಚಿದಳು. ಥಟ್ಟನೆ ತೆಗೆದುಕೊಂಡ.

ತುಂಗಾಳ ಮುಖ ಇಳಿದುಹೋಯಿತು.

"ಉಮಾಕಾಂತ್‌ಜಿ, ಇದು ಮನೆ ವಿಷಯ. ನೀವು ಚಲೋ," ಎಂದಳು. ಅವನು ಗೊಣಗುತ್ತ ಹೋದ.

"ಹೇಳ್ಲಾ ಅಪ್ಪಚ್ಚು ಅವರೇ?"

"ಹೇಳಿ. ಯಾರು?"

"ಮೊದಲು ಹಗ್ಗದ ವಿಷಯ. ನಿಮ್ಮ ಗಾಡಿ ಹಾಳಾಗಲಿ ಅನ್ನೋನು ಹಗ್ಗ ಹಾಕ್ತಾನಾ? ಒಂದು ನಟ್ಟು ಹಾಕಿದ್ರೆ ಸಾಕು, ಒಂದು ಹಿಡಿ ಮರಳು ಸಾಕು. ಇದನ್ನ ಹಾಕಿದವರಿಗೆ ಗಾಡಿ ಹಾಳಾಗೋದು ಬೇಕಿರಲಿಲ್ಲ. ಇವತ್ತು ಹೊರಡಬಾರದು, ಅಷ್ಟೇ. ನೀವು ಕೈಯಲ್ಲಿ ತಿರುಗಿಸದೆ ಸ್ಟಾರ್ಟ್ ಮಾಡಲ್ಲ ಅಂತ ಅವರಿಗೆ ಪೂರ್ತಿ ನಂಬಿಕೆ ಇತ್ತು. ನಿಮ್ಮನ್ನ ಅಷ್ಟು ಬಲ್ಲವರು."

"ಪ್ರಸಾದನೂ ಬಲ್ಲ."

"ಬಲ್ಲರು. ಆದ್ರೆ ಈ ಪಾನಾ ನೋಡಿ. ಬೇರೆ ಎಲ್ಲದರ ಮೇಲೂ ಕುಂಕುಮದ ಕೆಳಗೆ ಗಂಧ, ನೀವಿಟ್ಟ ಹಾಗೇ. ಇದೊಂದರ ಮೇಲೆ ಗಂಧ ಇಲ್ಲ. ಅರಿಶಿನ. ನನ್ನ ಸೆರಗಿನ ಮೇಲೂ ಇದೆ ನೋಡಿ."

ನಾನು ಬಾಯಿ ಬಿಟ್ಟುಕೊಂಡು ಸೆರಗು ನೋಡಿದೆ.

"ಪೂಜೆಗಿಟ್ಟ ಪಾನಾ ತಗೊಂಡು ಕೆಲಸ ಮಾಡಿದ್ರು. ಕೈ ತಾಗಿ ಬೊಟ್ಟು ಅಳಿಸಿ ಹೋಯ್ತು. ಬೋಳಾಗಿ ಇಡೋಕೆ ಭಯ, ಅದಕ್ಕಿಂತ ಹೆಚ್ಚಾಗಿ ಪೂಜೆ ಕೆಡಿಸಿದೆ ಅನ್ನೋ ಸಂಕಟ. ಒರೆಸಿ ಮತ್ತೆ ಇಟ್ಟರು. ಅರಿಶಿನ ಇಡದೆ ಕುಂಕುಮ ಇಟ್ಟು ಆ ಕೈಗೆ ಅಭ್ಯಾಸವೇ ಇಲ್ಲ. ಹೊಸಿಲಿಗೆ ಇಟ್ಟ ಹಾಗೆ, ಮೊದಲು ಅರಿಶಿನ, ಆಮೇಲೆ ಕುಂಕುಮ. ನಮ್ಮ ಯಜಮಾನರಿಗೆ ಮನೇಲಿ ಅರಿಶಿನದ ಡಬ್ಬಿ ಎಲ್ಲಿದೆ ಅಂತಲೂ ಗೊತ್ತಿಲ್ಲ. ಸೌಜನ್ಯಾ ಊರಲ್ಲಿಲ್ಲ. ನಿನ್ನೆ ಇಲ್ಲಿ ಹಾಗೆ ಇಡೋ ಕೈ ಎರಡೇ. ಒಂದು ನನ್ನದು, ನಾನು ನಿನ್ನೆ ಪೂರ್ತಿ ಶಾಲೆಯ ಗರ್ಬಾ ಕಾರ್ಯಕ್ರಮದಲ್ಲಿದ್ದೆ." ತುಂಗಾ ತಿರುಗಿದಳು. "ಇನ್ನೊಂದು ನಿನ್ನದು ಗೌತಮೀ."

ಗೌತಮಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಹೌದು," ಎಂದಳು. "ನಾನೇ."

"ಗೌತಮೀ?" ಅಪ್ಪಚ್ಚುವಿನ ದನಿ ಒಡೆಯಿತು. "ಯಾಕೆ?"

ತುಂಗಾ ಹೇಳಿದಳು: "ಅವಳನ್ನ ಕೇಳ್ಬೇಡಿ. ಈಗ ತಾನೆ ಪಾನಾ ಎರಡು ಸಲ ಕೊಟ್ಟೆನಲ್ಲ? ಮೊದಲ ಸಲ ನೀವು ಯಾಕೆ ತಗೊಳ್ಳಲಿಲ್ಲ ಅನ್ನೋದನ್ನ ನೀವೇ ಹೇಳ್ಬೇಕು. ನಾನು ಹೇಳೋದು ಸರಿಯಲ್ಲ."

ಅಪ್ಪಚ್ಚು ಪಾನಾ ನೋಡಿದ, ಹೆಂಡತಿಯನ್ನು ನೋಡಿದ. ಬಂಪರಿನ ಮೇಲೆ ಕುಸಿದು ಕುಳಿತ.

"ಎಡಗಣ್ಣು ಹೋಗಿದೆ," ಎಂದ. "ನರ ಒಣಗಿದೆಯಂತೆ. ಬಲಗಡೆಯದೂ ಕಿರಿದಾಗ್ತಾ ಬರ್ತಿದೆ ಅಂದ್ರು ಡಾಕ್ಟರು. ಯಾರಿಗೂ ಹೇಳಬೇಡ ಅಂತ ಇವಳ ಹತ್ರ ಆಣೆ ಹಾಕಿಸ್ಕೊಂಡಿದ್ದೆ."

"ಬಾಯಿಗೆ ಆಣೆ ಇತ್ತು," ಎಂದಳು ಗೌತಮಿ. ಈಗ ಅಳು ಉಕ್ಕಿತು. "ಕೈಗೆ ಇರಲಿಲ್ಲವಲ್ಲ? ಮಗು ನಿಮ್ಮ ಎಡಗಡೆ ಕೂರ್ತಾಳೆ ರೀ. ಆ ಕಡೆಯಿಂದ ಲಾರಿ ಬಂದ್ರೆ? ಹೋಗಬೇಡಿ ಅಂತ ಎಷ್ಟು ಸಲ ಕೈ ಮುಗಿದೆ? ಹಗ್ಗ ಸಿಕ್ಕಿದ ಕೂಡಲೇ ನಾನೇ ಹೇಳಿಬಿಡ್ತೀನಿ ಅಂದ್ಕೊಂಡೆ. ನೀವು ಇವರನ್ನ ಬೈಯ್ತಿದ್ದಾಗ ನಾಲಗೆಯೇ ಏಳಲಿಲ್ಲ. ಪ್ರಸಾದ್ ಅವರೇ, ತಪ್ಪಾಯ್ತು."

ನಾನು ಬೈಯಬೇಕೆಂದು ಬಾಯಿ ತೆರೆದೆ. ಬೈಗುಳ ಸಿಗಲಿಲ್ಲ. ಎರಡು ತಿಂಗಳು ಅವನು ಗೇಜು ಓದುವ ಕೆಲಸವನ್ನೆಲ್ಲ ಮಗನಿಗೆ ಒಪ್ಪಿಸಿ, ಬೋಲ್ಟುಗಳನ್ನು ಬೆರಳಲ್ಲಿ ತಡವಿ ತಡವಿ ಹುಡುಕುತ್ತಿದ್ದ. ನಾನು ಪಕ್ಕದಲ್ಲೇ ಕುಳಿತು ಅದನ್ನು ಕೈಚಳಕ ಎಂದುಕೊಂಡಿದ್ದೆ. ದುಃಖವಾಯಿತು.

ಪ್ರೀತಮ್ ತಂದೆಯ ಬಲಭುಜದ ಮೇಲೆ ಕೈಯಿಟ್ಟ.

ಅಪ್ಪಚ್ಚು ಎದ್ದ. ಪ್ಲಗ್ಗುಗಳನ್ನು ತಾನೇ ಬೆರಳಲ್ಲಿ ಕೂರಿಸಿ ಬಿಗಿ ಮಾಡಿದ. ಹ್ಯಾಂಡಲ್ ಹಾಕಿ ಎರಡು ಸುತ್ತು ತಿರುಗಿಸಿದ, ಸಲೀಸಾಗಿ ತಿರುಗಿತು. ಸ್ಟೀರಿಂಗ್ ಮುಂದೆ ಕುಳಿತು ಕೀ ತಿರುವಿದ. ಎಂಜಿನ್ ಕೆಮ್ಮಿತು, ಉಗ್ಗಿತು, ಆಮೇಲೆ ಒಂದೇ ದನಿಯಲ್ಲಿ ಹಿಡಿದುಕೊಂಡಿತು. ಖುಷಿ ಚಪ್ಪಾಳೆ ತಟ್ಟುತ್ತ ಹೊರಗೆ ಓಡಿಬಂದಳು. ಅಪ್ಪಚ್ಚು ಕಣ್ಣು ಮುಚ್ಚಿ ಆ ಸದ್ದನ್ನು ಕೇಳುತ್ತ ಬಹಳ ಹೊತ್ತು ಕುಳಿತಿದ್ದ.

ಎಂಜಿನ್ ಆರಿಸದೆ ಕೆಳಗಿಳಿದ. ಬಾನೆಟ್ಟಿನ ಮೇಲೆ ಅಂಗೈ ಆಡಿಸುತ್ತ ಸುತ್ತಿ ಬಂದು ಎಡಗಡೆಯ ಸೀಟಿನಲ್ಲಿ ಕುಳಿತ. ಖುಷಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ.

"ಪ್ರೀತಮ್, ಗಾಡಿ ತೆಗಿ," ಎಂದ. ಆಮೇಲೆ ನಾನು ನಿಂತಿದ್ದ ದಿಕ್ಕಿಗೆ ಮುಖ ಮಾಡಿ, "ಪ್ರಸಾದ್, ನನ್ನ ಬಾಯಿಗೆ ಬೆಂಕಿ ಬೀಳ. ತಪ್ಪು ನನ್ನದು. ಹೆಂಗಸರನ್ನ ಹತ್ತಿಸಿಕೊಂಡು ನೀನೂ ಹತ್ತು. ಹೊತ್ತಾಯ್ತು," ಎಂದ.

"ನಿನ್ನ ಹೊಗೆ ಕುಡಿಯೋಕೆ ರಾಮಟೇಕ್‌ವರೆಗೆ ಬರಬೇಕೇನಯ್ಯಾ?" ಎಂದು ರೇಗಿದೆ. ರೇಗುತ್ತಲೇ ಹಿಂದೆ ಹತ್ತಿ ಕುಳಿತೆ.