ಕೌದಿಯ ತೂತು

ನಂಬಿ ಎಂದು ನಾನು ಹೇಳುತ್ತಿಲ್ಲ, ಆದದ್ದಿಷ್ಟು. ಕಾರವಾರದ ಕಡಲಿನಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳ ಅಧ್ಯಯನ ನನ್ನ ನೌಕರಿ. ಅವು ದಡಕ್ಕೆ ಬಂದು ಬಿದ್ದರೆ ಉಳಿಸುವುದೂ ಅದರಲ್ಲೇ ಬಂತು. ಕಳೆದ ಡಿಸೆಂಬರಿನಲ್ಲಿ ತಿಮಿಂಗಿಲದ ಮರಿಯೊಂದು ಮರಳಿಗೆ ಬಿದ್ದಾಗ, ಮೈ ಒಣಗದಿರಲೆಂದು ಅವ್ವ ಹೊಲಿದುಕೊಟ್ಟ ಕೌದಿಯನ್ನೇ ತೋಯಿಸಿ ಹೊದಿಸಿದೆ. ತಿಮಿಂಗಿಲ ಉಸಿರಾಡುವುದು ನೆತ್ತಿಯ ಮೇಲಿನ ರಂಧ್ರದಿಂದ. ಅದು ಮುಚ್ಚಬಾರದೆಂದು ಕೌದಿಯನ್ನು ಅಲ್ಲಿ ಅಂಗೈಯಗಲ ಕತ್ತರಿಸಿದೆ. ಪಕ್ಕದಲ್ಲಿ ಕೂತು ಉಸಿರು ಎಣಿಸಿದೆ. ಅದು ನಮ್ಮ ಪದ್ಧತಿ. ಸಂಜೆಗೆ ಮರಿ ಸತ್ತಿತು.

ಕೌದಿಯನ್ನು ಒಗೆದು, ಒಣಗಿಸಿ, ಧಾರವಾಡದ ಮಾಳಮಡ್ಡಿಯ ಮನೆಗೆ ತಂದೆ.

"ಹರಕ ಕೌದಿ ಹಂಗ ಇಡಬಾರದವಾ," ಎಂದು ಅವ್ವ ಆ ತೂತಿಗೆ ಕೆಂಪು ಖಣದ ತೇಪೆ ಹಚ್ಚಿದಳು.

ಮರುದಿನ ಮಧ್ಯಾಹ್ನ ಅದನ್ನು ಹೊದ್ದು ಮಲಗಿದ್ದವಳು ಕರೆದಳು.

"ಮಿತ್ರಾ, ಉಸರ ಕಟ್ಟಾಕತ್ತೈತಿ. ಇದನ್ನ ತಗಿ, ಭಾಳ ಒಜ್ಜಿ ಆಗೇತಿ."

ಎತ್ತಲು ಹೋದರೆ ಕೌದಿ ಮಿಸುಕಲಿಲ್ಲ. ಉಳಿದದ್ದೆಲ್ಲ ಒಣಗಿಯೇ ಇತ್ತು. ತೇಪೆ ಮಾತ್ರ ತೊಯ್ದು, ಬೆಚ್ಚಗಾಗಿ, ಒಳಗಿನಿಂದ ಉಬ್ಬಿತ್ತು. ಕತ್ತರಿ ತಂದು ಹೊಲಿಗೆ ಬಿಚ್ಚಿದೆ. ಮೀನು ವಾಸನೆಯ ಬಿಸಿ ಗಾಳಿ ಭುಸ್ಸೆಂದು ಮುಖಕ್ಕೆ ಬಡಿಯಿತು. ಆಮೇಲೆ ಕೌದಿ ಎಂದಿನಂತೆ ಹಗುರವಾಗಿ ಕೈಗೆ ಬಂತು.

ಅವ್ವ ನೀರು ಕುಡಿದು, "ತೂತ ಇರಲಿ ಬಿಡವಾ," ಎಂದಳು.

ಅವಳ ಶ್ವಾಸಕೋಶ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಈಗ ಆರಾಮಾಗಿದ್ದಾಳೆ. ಮಲಗಿದಾಗ ಮಾತ್ರ, ಒಂದು ಉಸಿರು ಬಿಟ್ಟ ಮೇಲೆ ಇನ್ನೊಂದು ಬರಲು ಬಹಳ ಹೊತ್ತು ಹಿಡಿಯುತ್ತದೆ. ಎಷ್ಟು ಹೊತ್ತೆಂದು ಎಣಿಸಿ ನೋಡಿದೆ. ಆ ಅಂತರವನ್ನು ಹಿಂದೊಮ್ಮೆ ಮರಳಿನ ಮೇಲೆ ಕೂತು ಎಣಿಸಿದ್ದೆ.