ನಾಲ್ಕನೆಯ ಮೂಲೆಯ ಹೋಳಿಗೆ

ಇದು ನೂರಕ್ಕೆ ನೂರು ನಿಜವಾದ ಕಥೆ. ಇದರಲ್ಲಿ ಸುಳ್ಳಾಗಿದ್ದದ್ದು ದನಿಗಳು ಮಾತ್ರ.

ತಪ್ಪು ಬೋರ್ಡು ಬರೆದವನದು. ಅಕ್ಕಿಆಲೂರಿನಲ್ಲಿ ನಮ್ಮವ್ವ ನಡೆಸುವ ಖಾನಾವಳಿಯ ಬಾಗಿಲಿಗೆ ಅವನು ‘ಇಲ್ಲಿ ಬಿಸಿ ಬಿಸಿ ಹೊಲಿಗೆ ಸಿಗುತ್ತದೆ’ ಎಂದು ಬರೆದು ಹೋಗಿದ್ದ. ಹೋಳಿಗೆ ಹೊಲಿಗೆಯಾದದ್ದನ್ನು ನಾನು ಬೇಕಂತಲೇ ತಿದ್ದಿಸಿರಲಿಲ್ಲ. ಬಿ.ಎ. ಓದಿ ಹಂಚಿನ ಮುಂದೆ ನಿಂತವನಿಗೆ ಅಷ್ಟಾದರೂ ಮಜಾ ಬೇಡವೇ?

ಆ ಬೋರ್ಡನ್ನು ನಂಬಿ ಒಂದು ಮಧ್ಯಾಹ್ನ ಮಧುಶ್ರೀ ಒಳಗೆ ಬಂದಳು. ಹಂಸಭಾವಿಯಿಂದ ನಮ್ಮೂರ ಶಾಲೆಗೆ ಬಸ್ಸಿನಲ್ಲಿ ಬರುವ ಹೊಸ ಟೀಚರು. ಕಂಕುಳಲ್ಲಿ ದೊಡ್ಡ ಗಂಟು.

“ಇದಕ್ಕೊಂದಿಷ್ಟು ಹೊಲಿಗಿ ಹಾಕಿ ಕೊಡ್ತೀರೇನ್ರಿ?”

ನಾನು ತಕ್ಷಣ ಪೇಟೆಯ ಮುನಾಫ ಟೇಲರನ ಮೂಗುದನಿ ತೆಗೆದೆ. “ಹಾಕೋಣ್ರಿ ಮೇಡಂ. ಕಡ್ಲಿಬ್ಯಾಳಿದು ಹಾಕ್ಲೋ, ತೊಗರಿಬ್ಯಾಳಿದು ಹಾಕ್ಲೋ?”

ಆಕೆ ಒಲೆ ನೋಡಿದಳು, ಹಂಚು ನೋಡಿದಳು, ನನ್ನನ್ನು ನೋಡಿದಳು. ಸಿಟ್ಟು ಹುಬ್ಬಿನ ತನಕ ಬಂತು. ಅಲ್ಲಿಂದ ಜಾರಿ ತುಟಿಗೆ ಇಳಿಯುವಷ್ಟರಲ್ಲಿ ನಗುವಾಗಿತ್ತು. ನಾನು ಅಲ್ಲಿಗೇ ಖಲಾಸ್.

ಗಂಟು ಬಿಚ್ಚಿದಾಗ ನನ್ನ ದನಿಯೂ ನಿಂತಿತು, ಮುನಾಫನದೂ ನಿಂತಿತು.

ಕೌದಿ, ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹೊಲಿದ ಹೊದಿಕೆ. ಹರಿದ ಜಾಗವನ್ನು ಆಕೆ ಬೆರಳಿನಿಂದ ಅಗಲಿಸಿ ತೋರಿಸಿದಳು. ಮೇಲೆ ಅವಳವ್ವನ ಹಸಿರು ಇಳಕಲ್ ಸೀರೆ. ಅದರ ಕೆಳಗೆ ಇನ್ನೊಂದು ಕೌದಿ, ಅವಳ ಆಯಿಯದು, ಎಂದರೆ ಅಜ್ಜಿಯದು. ಅದರ ಹೊಟ್ಟೆಯಲ್ಲಿ ಮತ್ತೊಂದು, ಆಯಿಯ ಅವ್ವನದು. ನೀಲಿ ಬಟ್ಟೆ ಸವೆದು ಸವೆದು ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಆದರೆ ಅಕ್ಕಿಕಾಳಿನಂಥ ಆ ಹೊಲಿಗೆ ಒಂದೂ ಕಳಚಿರಲಿಲ್ಲ. ಮುತ್ತಜ್ಜಿಯ ಸೂಜಿ ಹೋದ ದಾರಿಯಲ್ಲೇ ಮಗಳ ಸೂಜಿ, ಮೊಮ್ಮಗಳ ಸೂಜಿ ನಡೆದು ಹೋಗಿದ್ದವು, ಹೊಲದ ಹಳೆಯ ಕಾಲುದಾರಿಯಲ್ಲಿ ನಡೆದಂತೆ.

ಹಿಟ್ಟಿನ ಕೈ ಒರೆಸಿಕೊಂಡು ಮುಟ್ಟಿದೆ. 

ಮೂರು ಮೂಲೆಗಳಲ್ಲಿ ಏನೋ ಗಟ್ಟಿಯಾಗಿ ತಗಲಿತು. ನಾಲ್ಕನೆಯದು ಜೇಬಿನಂತೆ ಬಾಯಿ ತೆರೆದಿತ್ತು.

“ಹೋಳಗಿ ತುಣುಕ್ರಿ,” ಎಂದಳು. “ಕೌದಿಗೆ ಹಸಿವಾಗಬಾರ್ದಂತ. ಮನಿ ಹುಡುಗಿ ಮದುವಿ ಗೊತ್ತಾದ ದಿನಾ ಒಂದು ಮೂಲ್ಯಾಗ ಇಟ್ಟು ಹೊಲೀತಾರ. ಈ ಮೂಲಿ ನಂದು.”

“ಇದಕ್ಕ ಮಷಿನ್ ಮುಟ್ಟಸಬ್ಯಾಡ್ರಿ,” ಎಂದೆ. ಅವ್ವ ಸೂಜಿ ದಾರ ಕೊಟ್ಟಳು. ಮಧುಶ್ರೀ ಅಲ್ಲೇ ಕುಳಿತು ಹೊಲಿದಳು, ಅದೇ ದಾರಿಯಲ್ಲಿ.

ಆಮೇಲೆ ಬಸ್ಸು ಬರುವ ತನಕ ದಿನಾ ನಮ್ಮಲ್ಲೇ ಚಹಾ. ನಾನು ಕಂಡಕ್ಟರನ ದನಿ, ಅವಳ ಹೆಡ್‌ಮಾಸ್ತರರ ದನಿ ತೆಗೆಯುತ್ತಿದ್ದೆ. ಅವಳು ಲೋಟದ ಅಂಚಿನ ಮೇಲಿಂದ ಕಣ್ಣಷ್ಟೇ ಕಾಣಿಸಿ ನಗುತ್ತಿದ್ದಳು.

“ಎಲ್ಲಾರ ದನಿ ತೆಗೀತೀರಿ. ನಿಮ್ಮ ದನೀಲೆ ಯಾವಾಗ ಮಾತಾಡ್ತೀರಿ?”

ನನ್ನ ದನಿಯಲ್ಲಿ ಹೇಳಬೇಕಾದದ್ದು ಒಂದೇ ಮಾತು. ಅದನ್ನು ಬಿಟ್ಟು ಮತ್ತೆ ಕಂಡಕ್ಟರನ ದನಿ ತೆಗೆದೆ.

ಶಿಗ್ಗಾಂವಿಯವರು ಅವಳನ್ನು ನೋಡಿಕೊಂಡು ಹೋದರೆಂಬ ಸುದ್ದಿ ಬಂದ ವಾರವೇ ಒಂದು ಫೋನು ಬಂತು. ಕೆಮ್ಮುವ, ನಡುಗುವ ಮುದಿ ದನಿ.

“ತಮ್ಮಾ, ನಾ ಮಧೂನ ಆಯಿ ಗುತ್ತೆವ್ವ. ನಾಳೆ ನಮ್ಮ ಹುಡುಗಿ ಮೂಲಿ ಮುಚ್ಚೂದೈತಿ. ಹೋಳಗಿ ನೀನ ತರಬೇಕು. ಬ್ಯಾರೆಯವರ ಕೈಯಾಗ ಕಳಿಸಬ್ಯಾಡ ಮತ್ತ!”

ಹಾಗಾದರೆ ಮದುವೆ ಶಿಗ್ಗಾಂವಿಗೇ ಗೊತ್ತಾಯಿತು ಎಂದುಕೊಂಡೆ. ಬೆಳಿಗ್ಗೆ ನಾನೇ ಹೂರಣ ರುಬ್ಬಿದೆ. ಅವ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದಳು.

“ಹಾಲೇಶಾ, ಬೆಲ್ಲ ಎಲ್ಲೈತೋ?”

ಮರೆತಿದ್ದೆ.

ಹಂಸಭಾವಿಯ ಪಡಸಾಲೆಯಲ್ಲಿ ಕೌದಿ ಹಾಸಿತ್ತು. ಅದರ ಅಂಚು ಹೊಲಿಯುತ್ತಿದ್ದ ಮುದುಕಿ ತಲೆ ಎತ್ತಿದಳು. “ಯಾರಪಾ ನೀನು?”

ನಗಾರಿ ಬಡಿದಂಥ ದನಿ! ನಾನು ಬೆಚ್ಚಿದೆ. “ನಿನ್ನೆ ನೀವ ಫೋನ್ ಮಾಡಿದ್ರಲ್ರೀ ಆಯಿ, ಹೋಳಗಿ ತಾ ಅಂತ…”

“ನಾನಾ? ಅದರ ಯಾವ ತುದಿ ಕಿವಿಗೆ ಹಚ್ಚತಾರಂತ ನನಗ ಗೊತ್ತಿಲ್ಲ!”

ಬಾಗಿಲ ಹಿಂದೆ ಬಳೆ ಸದ್ದು. ನಂತರ ಕೆಮ್ಮು. “ತಮ್ಮಾ, ನಾ ಮಧೂನ ಆಯಿ ಗುತ್ತೆವ್ವ…” ಎನ್ನುತ್ತ ಮಧುಶ್ರೀ ಹೊರಗೆ ಬಂದಳು.

“ನನ್ನ ದನಿ ಹಿಂಗೈತೇನ ಹುಚ್ಚಿ? ಬಾವ್ಯಾಗ ಬಿದ್ದ ಬೆಕ್ಕಿನಂಗ!” ಎಂದು ಗುತ್ತೆವ್ವ ಗದರಿದಳು. ಆಮೇಲೆ ನನ್ನ ಕೈಯ ಡಬ್ಬಿ ನೋಡಿ ಮೆತ್ತಗಾದಳು. “ತಮ್ಮಾ, ಹೋಳಗಿ ಯಾರ ಕೈಲೆ ಬರತೈತೋ ಅವರ ಮನೀಗೆ ಕೌದಿ ಹೋಗತೈತಿ. ಕೌದಿ ಹಿಂದ ಹುಡುಗಿ. ನಮ್ಮವ್ವನ ಕಾಲದಿಂದ ಹಂಗ. ಶಿಗ್ಗಾಂವಿಯವರು ಕೇಕ್ ತಂದಿದ್ರು. ಕೇಕ್ ನಾ ಹೆಂಗ ಹೊಲೀಲಿ? ನಿನಗ ಇದು ಗೊತ್ತಿತ್ತೇನು?”

“ಇಲ್ರೀ.”

“ಈಗ ಗೊತ್ತಾತಲ್ಲ. ಇಡ್ತೀಯೋ, ತಿರುಗಿ ಒಯ್ತೀಯೋ?”

ಮಧುಶ್ರೀಯ ನಗು ನಿಂತಿತು. ಬೆರಳುಗಳು ಬಾಗಿಲ ಚೌಕಟ್ಟು ಹಿಡಿದವು.

“ಒಯ್ಯಾಕ ಬಂದೇನ್ರಿ ಆಯಿ,” ಎಂದೆ. ಅವಳ ಮುಖ ಬಾಡಿತು. “ಹೋಳಗಿ ಅಲ್ರಿ. ನಿಮ್ಮ ಮಧೂನ್ನ.”

ನನ್ನದೇ ದನಿ. ನನಗೇ ಹೊಸದಾಗಿ ಕೇಳಿಸಿತು.

ಮೊಣಕಾಲೂರಿ ಒಂದು ತುಣುಕನ್ನು ನಾಲ್ಕನೆಯ ಮೂಲೆಯಲ್ಲಿಟ್ಟೆ. “ಸೂಜಿ ನಿನ್ನ ಕೈಯಾಗೈತೆವ್ವಾ, ಹೊಲಿದಬಿಡು,” ಎಂದಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಧುಶ್ರೀಯ ತಾಯಿ. ಗುತ್ತೆವ್ವ ದಾರ ಎಳೆದಳು. ಕೆಳಗಿನ ನೀಲಿ, ನಡುವಿನದು, ಮೇಲಿನ ಹಸಿರು, ಎಲ್ಲವನ್ನೂ ದಾಟಿ ಸೂಜಿ ಹೊರಬಂತು.

ಗಂಟು ಬಿದ್ದ ಮೇಲೆ ಮಧುಶ್ರೀ ನನ್ನ ಕಿವಿಯ ಹತ್ತಿರ ಬಗ್ಗಿದಳು. “ಊರೆಲ್ಲಾ ಮಿಮಿಕ್ರಿ ಮಾಡಾವ್ರು, ಇಷ್ಟು ಕೆಟ್ಟ ಮಿಮಿಕ್ರಿಗೆ ಬಿದ್ರಲ್ರೀ!”

ಆಯಿ ನಕ್ಕಳು, ತಾಯಿ ನಕ್ಕಳು, ಮಧುಶ್ರೀ ಕಣ್ಣೊರೆಸಿಕೊಂಡು ನಕ್ಕಳು. ಬೀದಿಯ ತನಕ ಕೇಳಿಸಿದ್ದು ಮಾತ್ರ ನನ್ನ ನಗು.