ನಲವತ್ತನೇ ಹೆಸರು

"ಅವ್ವಾ, ಅದನ್ನ ಬಾಯಿಗ್ ಹಾಕ್ಬೇಡ! ಕೊಡಿಲ್ಲಿ!"

ಹೊಸ್ತಿಲು ದಾಟಿ ಬಂದವನೇ ಶಿವಕುಮಾರ್ ತಾಯಿಯ ಕೈಯಿಂದ ಡಬ್ಬಿ ಕಿತ್ತುಕೊಂಡ. ರೈಲ್ವೆ ಹಳಿಯ ಕೆಲಸ ಮುಗಿಸಿ ಬಂದಿದ್ದ. ಕಿತ್ತಳೆ ಬಣ್ಣದ ಜಾಕೆಟ್ ಇನ್ನೂ ಮೈಮೇಲಿತ್ತು.

"ಯಾವ ಕಂಪನಿ ಮೇಡಂ ನಿಮ್ದು? ಒಬ್ರು ಸೇರಿದ್ರೆ ಇನ್ನಿಬ್ರನ್ನ ಸೇರ್ಸಿ, ಅವ್ರು ನಾಲ್ಕ್ ಜನನ್ನ ಸೇರ್ಸಲಿ... ಅದೇ ತಾನೆ? ಈ ಶಿವನಿ ಊರಲ್ಲಿ ಬ್ಯಾರೆ ಮನೆ ಸಿಗ್ಲಿಲ್ವಾ ನಿಮ್ಗೆ?"

ಡಬ್ಬಿ ತಂದಿದ್ದ ಗಾನವಿಗೆ ಮೈ ಉರಿದುಹೋಯಿತು. ಬೆಳಿಗ್ಗೆ ತರೀಕೆರೆಯಲ್ಲಿ ಬಸ್ಸು ಹತ್ತಿದವಳು, ಮನೆ ಮನೆ ಸುತ್ತಿ ಸುಸ್ತಾಗಿದ್ದಳು.

"ನಾನೇನೂ ಮಾರೋಕೆ ಬಂದಿಲ್ಲ ಕಣ್ರೀ! ಇದು ಸಂಶೋಧನೆ. ದಾಸವಾಳ, ನುಗ್ಗೆಸೊಪ್ಪಿನ ಕ್ಯಾಪ್ಸೂಲ್. ಬಿಪಿ ಸ್ವಲ್ಪ ಮಾತ್ರ ಜಾಸ್ತಿ ಇರೋರಿಗೆ ಇದು ಕೆಲಸ ಮಾಡುತ್ತಾ ಅಂತ ಮೂರು ತಿಂಗಳು ನೋಡ್ತೀವಿ. ಅರ್ಧ ಜನಕ್ಕೆ ಸೊಪ್ಪಿನ ಪುಡಿ, ಇನ್ನರ್ಧ ಜನಕ್ಕೆ ಬರೀ ಗಂಜಿಪುಡಿ. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ!"

"ನಿಮ್ಗೇ ಗೊತ್ತಿಲ್ದೇ ಇರೋದನ್ನ ನಮ್ಮವ್ವಂಗೆ ಕೊಡ್ತೀರಾ?"

ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ದಣಿದ ಮೈಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

"ಕೂತ್ಕೊಳ್ಳಿ. ಕೈ ಕೊಡಿ!" ಎಂದವಳೇ ಬಿಪಿ ಮೆಷಿನ್ನಿನ ಪಟ್ಟಿಯನ್ನು ಅವನ ತೋಳಿಗೆ ಸುತ್ತಿದಳು. "ನೂರ ನಲವತ್ತೆಂಟು! ಮೊದ್ಲು ನಿಮ್ಮ ಕೋಪಕ್ಕೆ ಮಾತ್ರೆ ಹುಡುಕ್ಕೊಳ್ಳಿ."

ಯಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಗನಿಗೂ ನಗು ತಡೆಯಲಾಗಲಿಲ್ಲ.

ಅಷ್ಟಕ್ಕೇ ಒಂದು ಪ್ರೀತಿ ಶುರುವಾಯಿತು. ಆದರೆ ಅವನು ಬರುವ ಸ್ವಲ್ಪ ಮೊದಲು ಅದೇ ಪಡಸಾಲೆಯಲ್ಲಿ ಇನ್ನೊಂದು ಮಾತುಕತೆ ನಡೆದಿತ್ತು.

"ಇನ್ನೂ ಎಷ್ಟ್ ಮನೆ ಸುತ್ಬೇಕು ಮಗಾ?" ಎಂದು ಯಲ್ಲಮ್ಮ ಕೇಳಿದ್ದಳು.

"ನಲವತ್ತು ಜನ ಬೇಕವ್ವಾ, ಮೂವತ್ತೊಂಬತ್ತಾಗಿದೆ. ಇವತ್ತೇ ಕೊನೇ ದಿನ. ನೀವು ಬಿಪಿಗೆ ಮಾತ್ರೆ ತಗೋತೀರಾ? ತಗೊಳ್ಳೋರು ಸೇರೋ ಹಾಗಿಲ್ಲ."

ಯಲ್ಲಮ್ಮ ಹುಡುಗಿಯ ಒಣಗಿದ ತುಟಿಯನ್ನೇ ನೋಡಿದಳು.

"ನಂಗ್ಯಾವ ಮಾತ್ರೆ? ಬರ್ಕೋ, ಬರ್ಕೋ. ಬರ್ಕೊಂಡು ಎರಡ್ ತುತ್ತು ಉಣ್ಣು."

ಹಳೆಯ ಔಷಧಿ ಚೀಟಿಗಳನ್ನು ಕಣ್ಣಾರೆ ನೋಡಿಯೇ ಬರೆಯಬೇಕು ಎಂಬುದು ನಿಯಮ. ಗಾನವಿ 'ಇಲ್ಲ' ಎಂದು ಬರೆದು, ಮುದ್ದೆಯ ತಟ್ಟೆಯ ಮುಂದೆ ಕುಳಿತುಬಿಟ್ಟಳು.

ಆಮೇಲೆ ಹದಿನೈದು ದಿನಕ್ಕೊಂದು ಮಂಗಳವಾರ ಅವಳು ಬಂದಳು. ಶಿವನಿ ಸ್ಟೇಷನ್ನಿನ ಬೇವಿನ ಮರದಡಿ ಅವನು ಕಾದಿರುತ್ತಿದ್ದ. ಮೇಡಂ ಹೋಗಿ ಗಾನವಿಯಾದಳು, ಶಿವಕುಮಾರ್ ಹೋಗಿ ಶಿವು ಆದ. ಒಮ್ಮೆ ಸುತ್ತಿಗೆಯಿಂದ ಹಳಿಯನ್ನು ಬಡಿದು ತೋರಿಸಿದ.

"ಬಿರುಕು ಇದ್ರೆ ಸದ್ದೇ ಬ್ಯಾರೆ ಬತ್ತದೆ. ಕಣ್ಣಿಗ್ ಕಾಣ್ದೇ ಇದ್ರೂ ಕಿವಿಗ್ ಗೊತ್ತಾಗ್ಬಿಡ್ತದೆ."

'ಇಷ್ಟು ಎಚ್ಚರ ಇರೋನ ಕೈ ಹಿಡಿದರೆ ನನಗೆ ಭಯ ಯಾವುದು?' ಎಂದುಕೊಂಡಳು ಗಾನವಿ. ಪಾಪದ ಹುಡುಗಿ!

ಯಲ್ಲಮ್ಮನ ಬಿಪಿ ಪ್ರತಿ ಮಂಗಳವಾರವೂ ಚೆನ್ನಾಗಿಯೇ ಇತ್ತು. ನೂರ ಮೂವತ್ತಾರು, ನೂರ ಮೂವತ್ತೆಂಟು.

"ಮೂರ್ ತಿಂಗ್ಳು ಮುಗುದ್ ಮ್ಯಾಲೂ ಬತ್ತೀಯಾ?" ಎಂದು ಅವನು ಕೇಳಿದ.

"ಯಾಕೆ?"

"ಅವ್ವಂಗೆ ಸೊಸೆ ಬೇಕಂತೆ... ನಂಗೂ."

ಅವಳು ನಾಚಿ ತಲೆ ತಗ್ಗಿಸಿದಳು. ಅದೇ ಅವಳ ಉತ್ತರವಾಗಿತ್ತು.

ಹತ್ತನೇ ವಾರದ ಭಾನುವಾರ ಬಟ್ಟೆ ಒಗೆಯುತ್ತಿದ್ದ ಯಲ್ಲಮ್ಮ ಕಲ್ಲಿನ ಮೇಲೆಯೇ ಕುಸಿದಳು. ಪಾರ್ಶ್ವವಾಯು! ಬಲಗೈ ಬಿದ್ದುಹೋಯಿತು. ಮಾತೂ ನಿಂತಿತು.

ಸುದ್ದಿ ತಿಳಿದು ಆಸ್ಪತ್ರೆಗೆ ಓಡಿಬಂದ ಗಾನವಿಯನ್ನು ಅವನು ಬಾಗಿಲಲ್ಲೇ ತಡೆದ. ಸುತ್ತ ಅರ್ಧ ಶಿವನಿ ನಿಂತಿತ್ತು.

"ಸೊಪ್ಪು ಪುಡಿ ತಿನ್ಸಿ ನಮ್ಮವ್ವನ ಬಾಯಿ ಕಟ್ಟಿದ್ಯಲ್ಲೇ! ನಿನ್ನ ಲೆಕ್ಕಕ್ಕೆ ನಮ್ಮವ್ವನೇ ಬೇಕಿತ್ತಾ? ಹೋಗು... ನಿನ್ನ ಮುಖ ತೋರ್ಸಬೇಡ!"

"ಶಿವೂ... ಒಂದ್ಸಲ ನೋಡ್ಕೊಂಡು ಹೋಗ್ತೀನಿ ಕಣೋ..."

"ಹೋಗು ಅಂದ್ನಲ್ಲ!"

ವಿಚಾರಣೆ ನಡೆಯಿತು. ಯಲ್ಲಮ್ಮನ ಡಬ್ಬಿಯಲ್ಲಿದ್ದದ್ದು ಬರೀ ಗಂಜಿಪುಡಿ ಎಂದು ಗೊತ್ತಾಯಿತು. ಅಜ್ಜಂಪುರದ ವೈದ್ಯರೊಬ್ಬರ ಹಳೆಯ ಚೀಟಿಯೂ ಸಿಕ್ಕಿತು. ನಾಲ್ಕು ವರ್ಷದಿಂದ ಯಲ್ಲಮ್ಮನಿಗೆ ದಿನಕ್ಕೊಂದು ಬಿಪಿ ಮಾತ್ರೆ ಇತ್ತು! ಸಂಶೋಧನೆಗೆ ಸೇರಿದ ಮೇಲೆ ಅದನ್ನು ಬಿಟ್ಟಿದ್ದಳು.

"ಚೀಟಿ ನೋಡದೆ ಹೇಗೆ 'ಇಲ್ಲ' ಅಂತ ಬರೆದ್ರಿ ಗಾನವಿ?" ಎಂದರು ಸಂಶೋಧನೆಯ ಮುಖ್ಯಸ್ಥ ಡಾಕ್ಟರ್ ಪ್ರದ್ಯುಮ್ನ.

"ತಪ್ಪಾಯ್ತು ಸರ್" ಎಂದಷ್ಟೇ ಅಂದಳು. ಊಟಕ್ಕೆ ಕೂತಿದ್ದೆ ಸರ್, ಎಂದು ಹೇಗೆ ಹೇಳುವುದು? ಮಗನನ್ನೂ ಕರೆಸಿ ಕೇಳಿದರು. "ಅವ್ವ ಮಾತ್ರೆ ಬಿಟ್ಟಿದ್ದು ನಂಗೊತ್ತಿರ್ಲಿಲ್ಲ" ಎಂದು ಅವನು ಸಹಿ ಹಾಕಿಕೊಟ್ಟ. ಗಾನವಿಯ ಕೆಲಸ ಹೋಯಿತು.

ಎಂಟು ತಿಂಗಳು ಕಳೆಯಿತು. ಕಡೂರಿನ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಬಿಪಿ ಮೆಷಿನ್ನನ್ನು ಮಾತ್ರ ಅವಳು ಮುಟ್ಟುತ್ತಲೇ ಇರಲಿಲ್ಲ. 'ಒಂದು ಜೀವದ ಮಾತು ಕಿತ್ತುಕೊಂಡವಳು ನಾನು' ಎನ್ನುವುದು ಅವಳ ಊಟ, ನಿದ್ದೆ ಎರಡನ್ನೂ ತಿಂದಿತ್ತು.

ಒಂದು ಮಂಗಳವಾರ ಹನ್ನೊಂದು ಗಂಟೆಗೆ ಕೌಂಟರಿನ ಮುಂದೆ ಶಿವಕುಮಾರ್ ಬಂದು ನಿಂತ. ಇಳಿದುಹೋಗಿದ್ದ. ಅಂಗೈಯಲ್ಲಿ ಮಾತ್ರೆಯ ಹಳೇ ಸ್ಟ್ರಿಪ್ಪೊಂದಿತ್ತು. ಎಂಟು ಗುಳಿ ಖಾಲಿ, ಎರಡು ಮಾತ್ರೆ ಹಾಗೇ ಇದ್ದವು.

"ಅವ್ವನ ಎಲೆಅಡಿಕೆ ಚೀಲದಾಗಿತ್ತು. ನೀನ್ ಬರೋ ಹಿಂದಿನ್ ದಿನ ಒಂದು, ಆ ಮಂಗಳವಾರ ಬೆಳಗ್ಗೆ ಒಂದು ನುಂಗ್ತಿದ್ಲು. ಬಿಪಿ ಜಾಸ್ತಿ ಬಂದ್ರೆ ಆ ಹುಡ್ಗೀನ ಡಾಕ್ಟ್ರು ಬೈತಾರೆ ಅಂತ..."

ಗಾನವಿ ಖಾಲಿ ಗುಳಿಗಳನ್ನು ನೋಡಿದಳು. "ನಿನಗೆ ಯಾವಾಗ ಗೊತ್ತಾಯ್ತು?"

ಅವನು ಸ್ಟ್ರಿಪ್ಪನ್ನು ಕೌಂಟರಿನ ಮೇಲಿಟ್ಟ.

"ಶಿವೂ... ಯಾವಾಗ?"

"ಎರಡನೇ ಮಂಗಳವಾರ. ಮಾತ್ರೆ ತರೋನು ನಾನೇ ತಾನೆ? ಹತ್ ದಿನದ್ದು ತಿಂಗ್ಳಾದ್ರೂ ಮುಗೀಲಿಲ್ಲ ಅಂದ್ರೆ ಗೊತ್ತಾಗಲ್ವಾ? ಕೇಳ್ದಾಗ ಅವ್ವನೇ ಎಲ್ಲ ಹೇಳಿದ್ಲು. ನೀನ್ ಅವ್ವಂಗ್ ಕೊಟ್ಟಿದ್ ನಿಯಮದ್ ಹಾಳೆನೂ ಓದಿದ್ದೆ. ಮಾತ್ರೆ ನುಂಗೋರು ಸೇರಂಗಿಲ್ಲ ಅಂತಿತ್ತು. ಹೇಳಿದ್ರೆ ಅವ್ವನ ಹೆಸ್ರು ಹೊಡೀತಾರೆ, ನೀನ್ ಬರೋದು ನಿಂತೋಗ್ತದೆ ಅಂತ... ಸುಮ್ನಾದೆ."

"ಅವತ್ತು ಅಷ್ಟು ಜನರ ಮುಂದೆ ನನ್ನನ್ನ ಬೈದ್ಯಲ್ಲ! ಗೊತ್ತಿದ್ದೂ ಬೈದ್ಯಾ?"

"ನನ್ ಎದೆ ನನ್ನನ್ನೇ ಬೈತಿತ್ತು ಕಣೇ. ಅದನ್ನ ನಿನ್ ಮ್ಯಾಲೆ ಹಾಕ್ಬಿಟ್ಟೆ. ನಾನ್ ಹೇಡಿ."

"ಹೌದು! ಹೇಡಿನೇ! ಹಳಿ ಬಡಿದು ಬಿರುಕು ಹುಡುಕೋನು, ಮನೆಯೊಳಗೆ ಅಷ್ಟು ದೊಡ್ಡ ಸದ್ದು ಬಂದ್ರೂ ಕಿವಿ ಮುಚ್ಕೊಂಡ್ಯಲ್ಲೋ! ನಾನು ಚೀಟಿ ನೋಡ್ಲಿಲ್ಲ, ನನ್ನ ತಪ್ಪು ಒಪ್ಕೊಂಡೆ. ಒಪ್ಕೊಂಡು ಎಂಟು ತಿಂಗಳು ದಿನಾ ಸತ್ತೆ. ನೀನು?"

"ಪ್ರದ್ಯುಮ್ನ ಡಾಕ್ಟ್ರಿಗೆ ಎಲ್ಲ ಬರ್ದು ಕಳ್ಸಿದೀನಿ. ಊರ್ನೋರ್ ಮುಂದೂ ಹೇಳಿದೀನಿ. ನಿನ್ ಕೆಲ್ಸ ವಾಪಸ್ ಬತ್ತದೋ ಇಲ್ವೋ..."

"ಅವ್ವನ ಮಾತು ಬರುತ್ತಾ?"

ಅವನು ಬೆರಳು ಮಾಡಿ ಹೊರಗೆ ತೋರಿಸಿದ.

ರಸ್ತೆಯ ಪಕ್ಕದ ಆಟೋದಲ್ಲಿ ಯಲ್ಲಮ್ಮ ಕುಳಿತಿದ್ದಳು. ಗಾನವಿ ಓಡಿಹೋಗಿ ಅವಳ ಕಾಲ ಬಳಿ ಕೂತುಬಿಟ್ಟಳು. ಅತ್ತಳು. ಬಹಳ ಹೊತ್ತು ಅತ್ತಳು. ಯಲ್ಲಮ್ಮನ ಎಡಗೈ ಅವಳ ಕೆನ್ನೆ ಸವರಿತು. ಸೊಟ್ಟಗಾದ ಬಾಯಿ ಕಷ್ಟಪಟ್ಟು ತೆರೆಯಿತು.

"ಉಂ... ಉಂಡ್ಯಾ?"

ಅದನ್ನು ಕೇಳಿದ ಮೇಲೆ ಗಾನವಿಗೆ ಯಾರನ್ನು ದ್ವೇಷಿಸಬೇಕೋ ತಿಳಿಯದಾಯಿತು.

ಒಳಗಿನಿಂದ ಮೆಷಿನ್ ತಂದಳು. ಎಡತೋಳಿಗೆ ಪಟ್ಟಿ ಸುತ್ತಿದಳು. ಎಂಟು ತಿಂಗಳಲ್ಲಿ ಇದೇ ಮೊದಲ ಸಲ. ನೂರ ಮೂವತ್ತನಾಲ್ಕು.

ಶಿವಕುಮಾರ್ ಹಿಂದೆ ಬಂದು ನಿಂತಿದ್ದ. "ಮುಂದಿನ್ ಮಂಗಳವಾರ ಶಿವನಿಗ್ ಬತ್ತೀಯಾ?"

"ಅವ್ವನ್ನ ನೋಡೋಕೆ ಬರ್ತೀನಿ."

"ನನ್ ಮ್ಯಾಲೆ... ಚೂರೂ ಪ್ರೀತಿ ಉಳಿದಿಲ್ವಾ ಗಾನವಿ?"

ಅವಳು ಕಣ್ಣೊರೆಸಿಕೊಂಡಳು.

"ಇದೆ ಕಣೋ. ಅಷ್ಟೂ ಇದೆ. ನಂಬಿಕೆ ಇಲ್ಲ."

ಅವನು ತಲೆಯಾಡಿಸಿದ.

"ಅವ್ವ ಇವತ್ತಿನ ಮಾತ್ರೆ ತಗೊಂಡ್ಲಾ?" ಎಂದಳು ಗಾನವಿ.

"ತಗೊಂಡ್ಲು, ನಾನೇ..."

"ಹೇಳ್ಬೇಡ ಶಿವೂ," ಎನ್ನುತ್ತಾ ಅವಳು ಅಂಗೈ ಚಾಚಿದಳು. "ತೋರ್ಸು."

ಅವನು ಜೇಬಿನಿಂದ ಹೊಸ ಸ್ಟ್ರಿಪ್ ತೆಗೆದು ಅವಳ ಕೈಗಿಟ್ಟ. ಅವಳು ಖಾಲಿ ಗುಳಿಗಳನ್ನು ಒಂದೊಂದಾಗಿ ಎಣಿಸತೊಡಗಿದಳು. ಎಣಿಸಿ ಮುಗಿಯುವವರೆಗೂ ಅವನು ಅಲ್ಲೇ ನಿಂತಿದ್ದ.